ಸೌಟಿನ ಪುರಸೊತ್ತು

ಅರ್ಥವಾಗದ ಸಂಗತಿ ಎದುರಾದರೆ ನಾನು ಕೈ ಎತ್ತುತ್ತೇನೆ. ಕಾನ್ವೆಂಟಿನ ಬೆಂಚಿನಲ್ಲಿ ಹತ್ತು ವರ್ಷ ಕೂತು ಅಂಟಿಸಿಕೊಂಡ ಚಾಳಿ ಇದು. ಮದುವೆಯಾಗಿ ಸಿಂಧನೂರಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಬಿಟ್ಟಿಲ್ಲ. ಒಮ್ಮೆ ರಸ್ತೆ ಬದಿಯಲ್ಲಿ ಏನೋ ನೆನಪಾಗದೆ ಕೈ ಎತ್ತಿ ನಿಂತಿದ್ದಾಗ ಮುದಗಲ್ ಬಸ್ಸು ಬಂದು ನಿಂತು, ಕಂಡಕ್ಟರ್ "ಲಗೂನ ಹತ್ರೀ ಬಾಯಾರ" ಎಂದು ಗದರಿದ್ದ. ಈಚೆಗೆ ಲಿಂಗಸುಗೂರಿನ ಗ್ಯಾರೇಜಿನಲ್ಲೂ ಕೈ ಎತ್ತಿದೆ.

ನಮ್ಮ ಯಜಮಾನರದು ಹಳೆಯ ಪೆಟ್ರೋಲ್ ಕಾರು. ಮದುವೆಯ ಮರುದಿನ ನನ್ನನ್ನು ಈ ಊರಿಗೆ ತಂದದ್ದು ಅದೇ. ಹಿಂದಿನ ಸೀಟಿನ ಮೂಲೆಯಲ್ಲಿ ಅಂದಿನ ಅರಿಶಿನದ ಕಲೆ ಇನ್ನೂ ಇದೆ. ಈ ವರ್ಷ ಅದರ ವಯಸ್ಸೂ ತಮ್ಮ ವಯಸ್ಸೂ ಒಟ್ಟಿಗೆ ನೆನಪಾಗಿ, ಅವರು ಎಂಜಿನ್ ಟ್ಯೂನ್ ಮಾಡಿಸಿ, ಬಲ ಹೆಚ್ಚಿಸುವ ಟರ್ಬೊ ಕೂಡಿಸಿದರು. ಕಾರು ಓಡಿತು, ನಿಜ. ಆದರೆ ಮಸ್ಕಿ ದಾಟಿ ಗಟ್ಟಿಯಾಗಿ ಒತ್ತಿದರೆ ಒಳಗೆ ಗೋಲಿಗಳು ಉರುಳಿದಂಥ ಸದ್ದು.

ಮೆಕ್ಯಾನಿಕ್ ಖಾಜಾ ಸಾಬರು ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ ನೋಡಿದರು. "ಸರ, ಇಂಜೆಕ್ಟರ್ ಡ್ಯೂಟಿ ಸೈಕಲ್ ನೂರಕ್ಕ ತೊಂಬತ್ತೇಳು ಆಗ್ಯಾದ. ಎಂಬತ್ತರಾಗ ಇದ್ರ ಚಲೋ. ಹಿಂಗ ಒತ್ತಿದ್ರ ಪಿಸ್ಟನ್ ಸುಟ್ಟು ತೂತು ಬೀಳತದ. ಈ ಗಾಡಿಗೆ ಇನ್ನೊಂದು ಎಂಜಿನ್ ಹುಡುಕಿದ್ರೂ ಸಿಗಂಗಿಲ್ಲ."

"ಇನ್ನ ಮೂರು ಉಳದಾವಲ್ಲೋ ಖಾಜಾ," ಅಂದರು ನಮ್ಮವರು.

ನಾನು ಕೈ ಎತ್ತಿದೆ.

"ಕೇಳ್ರಿ ಅಕ್ಕಾರ," ಎಂದರು ಸಾಬರು, ನಗದೆ. "ಇಂಜೆಕ್ಟರ್ ಅಂದ್ರ ಪೆಟ್ರೋಲ್ ಚಿಮ್ಮೋ ಸಣ್ಣ ನಳ. ಒಂದೊಂದು ಸರದಿಗೆ ಎಷ್ಟೊತ್ತು ಬಾಯಿ ತೆರೆದಿರತದ ಅನ್ನೋದ ಈ ಲೆಕ್ಕ. ಎಂಜಿನ್ ಜೋರ್ ತಿರುಗಿದಂಗ ಸಿಗೋ ವ್ಯಾಳ್ಯಾ ಕಡಿಮಿ, ಬೇಕಾಗೋ ಪೆಟ್ರೋಲ್ ಮಾತ್ರ ಹೆಚ್ಚು. ಕಡೀಕ ಬಾಯಿ ಮುಚ್ಚಾಕೂ ಪುರಸೊತ್ತಿಲ್ಲ."

ನನಗೆ ನಮ್ಮ ಮನೆಯ ಭಾನುವಾರ ಕಣ್ಣ ಮುಂದೆ ಬಂತು. ಮೈದುನರ ಸಂಸಾರವೂ ಸೇರಿ ಹದಿನಾಲ್ಕು ಮಂದಿ ಸಾಲಾಗಿ ಕೂರುತ್ತಾರೆ, ಬಡಿಸುವವಳು ನಾನು. ಸಾವಕಾಶ ಉಂಡರೆ ಎರಡು ತಟ್ಟೆಯ ನಡುವೆ ಸೌಟಿಗೆ ಉಸಿರು ಸಿಗುತ್ತದೆ. ಎಲ್ಲರೂ ಅವಸರ ಮಾಡಿದರೆ ಸೌಟು ಸುರಿಯುತ್ತಲೇ ಇರಬೇಕು. ಆಮೇಲೆ ಯಾರು ಎಷ್ಟು ಕೇಳಿದರೂ ಅದರ ಕೈಲಾಗದು. ಕೊನೆಯ ತಟ್ಟೆಗೆ ಒಣ ಅನ್ನವೇ ಗತಿ. ಹೀಗೇನಾ ಎಂದು ಕೇಳಿದೆ.

"ಹಂಗ ನೋಡ್ರಿ. ಪೆಟ್ರೋಲ್ ಸಾಲದ ಆ ಒಣ ಅನ್ನಾನ ಎಂಜಿನ್ನ ಸುಡೋದು. ದೊಡ್ಡ ಸೌಟು ಹಾಕಬೇಕು, ಇಲ್ಲಾ ಉಣ್ಣೋರು ಸಾವಕಾಶ ಉಣ್ಣಬೇಕು."

ಮರಳುವಾಗ ನಮ್ಮವರು ಎಷ್ಟು ನಿಧಾನ ಓಡಿಸಿದರೆಂದರೆ, ಭತ್ತದ ಚೀಲ ಹೇರಿಕೊಂಡ ಟ್ರ್ಯಾಕ್ಟರೊಂದು ನಮ್ಮನ್ನು ದಾಟಿಹೋಯಿತು. ಮಸ್ಕಿಯ ಹತ್ತಿರ ಬಾಯಿ ಬಿಟ್ಟರು.

"ಆ ಕಡೀ ತಟ್ಟಿ ಯಾರದು?"

"ಕಡೀಗೆ ಉಣ್ಣೋರದು."

"ಕಡೀಗೆ ಉಣ್ಣಾಕಿ ನೀನ ಅಲ್ಲೇನು?"

ನಾನು ಕಿಟಕಿಯಾಚೆ ನೋಡಿದೆ. ಬೆಳ್ಳಕ್ಕಿಗಳಿದ್ದವು. ಎಣಿಸಿದೆ.

ಮುಂದಿನ ವಾರ ಕಾರಿಗೆ ದೊಡ್ಡ ಇಂಜೆಕ್ಟರ್ ಹಾಕಿಸಿಕೊಂಡು ಬಂದವರ ಕೈಯಲ್ಲಿ ಪೇಪರು ಸುತ್ತಿದ ಇನ್ನೊಂದು ವಸ್ತುವಿತ್ತು. ಮದುವೆಮನೆಯ ಅಡುಗೆಯವರು ಹಿಡಿಯುವಂಥ ಸೌಟು. "ಇನ್ನ ನೀನೂ ನಮ್ಮ ಜೋಡಿ ಕುಂತು ಉಣ್ಣು," ಅಂದರು, ಸೌಟಿನ ಕಡೆ ನೋಡುತ್ತ.

ಭಾನುವಾರ ಬಂತು. ಸೌಟು ಹೊಸದು, ಕೈ ಹಳೆಯದು. ತಲೆಗೆ ಎರಡು ಸಲದಂತೆ, ಎಂದಿನ ಲೆಕ್ಕದಲ್ಲೇ ಸುರಿದೆ. ಬ್ಯಾಳಿ ಸಾರಿನಲ್ಲಿ ಅನ್ನ ತೇಲಿತು. ಅತ್ತೆಯವರು ತಟ್ಟೆ ಎತ್ತಿ ಹಿಡಿದು, "ಏನಬೇ, ಕಾಲುವಿ ಒಡದಾದೇನು?" ಅಂದರು.

"ದೊಡ್ಡ ನಳ ಹಾಕಿದ ಮ್ಯಾಲ ತೆರೆಯೋ ಹೊತ್ತು ಕಡಿಮಿ ಮಾಡಬೇಕಂತ," ನಮ್ಮವರು ನೆಲಕ್ಕೆ ಚೆಲ್ಲಿದ ಸಾರನ್ನು ಟವೆಲಿನಿಂದ ಒರೆಸುತ್ತ ಹೇಳಿದರು. "ಗಾಡೀದು ಖಾಜಾ ಅರ್ಧಾ ತಾಸಿನಾಗ ಮಾಡಿ ಕೊಟ್ಟ. ನಿಂದು ಯಾರು ಮಾಡ್ಬೇಕು?"

ಕಾರು ಈಗ ಮಸ್ಕಿ ದಾಟಿದರೂ ಸದ್ದು ಮಾಡುವುದಿಲ್ಲ. ನಾನೂ ಎಲ್ಲರ ಜೊತೆ ಸಾಲಿನಲ್ಲೇ ಕೂರುತ್ತೇನೆ. ಯಾರದಾದರೂ ತಟ್ಟೆ ಬರಿದಾದದ್ದು ಕಂಡರೆ ಮಾತ್ರ, ಏಳಲು ಅಪ್ಪಣೆ ಕೇಳುವಂತೆ, ನನ್ನ ಕೈ ತಾನಾಗಿ ಮೇಲೇಳುತ್ತದೆ. ಅದರಲ್ಲಿ ಸೌಟು ಇರುತ್ತದೆ.