ಬಾಜೂಕಿನವರ ಪರೀಕ್ಷೆ

ಗಂಡ ಹೆಂಡತಿ ಗುಟ್ಟಾಗಿ ಮಾತಾಡುವಾಗ ಗೋಡೆಯಾಚೆಯಿಂದ ಮೂರನೆಯ ದನಿ ಬಂದರೆ ಯಾವನಿಗೆ ಸಿಟ್ಟು ಬರುವುದಿಲ್ಲ ಹೇಳಿ? ಮೈಲಾರಪ್ಪನಿಗಂತೂ ಸಿಟ್ಟು ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿತ್ತು. ಸ್ವಂತ ಮನೆ ಅಂತ ಅವನ ವಂಶದಲ್ಲಿ ಯಾರಿಗಾದರೂ ಇದ್ದರೆ ಅದು ಆ ಸಿಟ್ಟಿಗೆ ಮಾತ್ರ.

"ಗೋಕುಲ ರಸ್ತೆ ಕಡೆ ಮನಿ ನೋಡೇನಿ. ಸಂಜೀಕ ಇಸಾರದ ರೊಕ್ಕಾ ಕೊಟ್ಟು ಮಾತು ಗಟ್ಟಿ ಮಾಡಿ ಬರತೇನಿ" ಎಂದು ಅವನು ಬೆಳಿಗ್ಗೆ ಹೆಂಡತಿ ಹನುಮವ್ವನ ಕಿವಿಯಲ್ಲಿ ಹೇಳಿದ. ಹನುಮವ್ವ ಬಾಯಿ ತೆರೆಯುವ ಮೊದಲೇ ಗೋಡೆಯಾಚೆ ಪಕ್ಕದ ಮನೆಯ ಸಾವಕ್ಕ ತೆರೆದಳು.

"ಮನಿ ನೋಡಿದಿ, ಛಲೋ ಆತು ತಮ್ಮಾ. ಬಾಜೂಕಿನವರನ್ನ ನೋಡಿದೇನು? ಗ್ವಾಡಿ ಬಿರಕ ಬಿಟ್ರ ಸಿಮೆಂಟ ಹಚ್ಚಬಹುದು. ಬಾಜೂಕಿನವರು ಕೆಟ್ಟವರಿದ್ರ ಏನ ಹಚ್ಚತಿ?"

"ಮೊದಲ ನಿನ್ನ ಕಿವಿಗೆ ಸಿಮೆಂಟ ಹಚ್ಚಿಗೋ!" ಎಂದು ಮೈಲಾರಪ್ಪ ಗೋಡೆಗೆ ಗುದ್ದಿದ. ಸುಣ್ಣದ ಹಕ್ಕಳೆಯೊಂದು ಉದುರಿ ಅವನ ಚಹಾದೊಳಗೇ ಬಿತ್ತು.

ಹಳೇ ಹುಬ್ಬಳ್ಳಿಯ ಆ ಚಾಳಿನಲ್ಲಿ ಎಂಟು ಮನೆಗೆ ಒಂದೇ ನಳ. ನೀರು ಬರುವುದು ವಾರಕ್ಕೊಮ್ಮೆ, ಅದೂ ನಳಕ್ಕೆ ಮನಸ್ಸಾದರೆ. ಬಾಯಿದ್ದವರ ಕೊಡ ಮುಂದೆ, ಬಾಯಿಲ್ಲದವರ ಕೊಡ ಹಿಂದೆ. ಹನುಮವ್ವನಿಗೆ ಬಾಯೇ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಸಾವಕ್ಕ "ಸರೀ" ಅಂದರೆ ಸರಿದು, ಕೊನೆಗೆ ಉಳಿದ ಕೆಸರು ನೀರು ತುಂಬಿಕೊಂಡು ಬರುತ್ತಿದ್ದಳು. ಗಂಡನ ಹತ್ತಿರ ಅವಳು ಸೀರೆ ಕೇಳಿದವಳಲ್ಲ, ಬಳೆ ಕೇಳಿದವಳಲ್ಲ. "ನಮ್ಮದಂತ ಒಂದು ನಳ ಇರಲಿ, ಸಾಕ್ರಿ" ಅಂದಿದ್ದಳು. ಅಷ್ಟೇ ಅವಳ ಆಸೆ. ಆ ಆಸೆಗಾಗಿಯೇ ಮೈಲಾರಪ್ಪ ಹುಬ್ಬಳ್ಳಿಯ ಓಣಿ ಓಣಿ ಅಲೆದು ಈ ಮನೆ ಹುಡುಕಿದ್ದ.

ಆದರೆ ಸಾವಕ್ಕನ ಮಾತು ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಸಿಕ್ಕಿಕೊಂಡಿತು. ತಾನು ಕೆಲಸ ಮಾಡುವ ಕಬ್ಬಿಣದ ಅಂಗಡಿಗೆ ಬಂದು, ಪಕ್ಕದಲ್ಲಿ ಕೂತು ಬಿಲ್ಲು ಬರೆಯುವ ಅರ್ಜುನಪ್ಪನ ಮುಂದೆ ಹೇಳಿಕೊಂಡ. ಹೇಳಬಾರದಿತ್ತು. ಈ ಅರ್ಜುನಪ್ಪ ಇರುವುದು ಮಾವನ ಮನೆಯ ಅಟ್ಟದ ಮೇಲೆ. ಆದರೂ ಮನೆ ಕೊಳ್ಳುವವರಿಗೆಲ್ಲ ಬುದ್ಧಿ ಹೇಳುವುದು ಅವನೇ!

"ಮನಿ ತಗೊಳ್ಳಾಂವ ಅಂತ ಗೊತ್ತಾದ್ರ ಎಲ್ಲಾರೂ ಚಾ ಕುಡಿಸಿ ನಗತಾರ. ಅಲ್ಲೇ ಮಂದಿ ಮೋಸ ಹೋಗೂದು" ಅಂದ ಅರ್ಜುನಪ್ಪ. "ನೀ ಯಾರಂತ ಹೇಳಬ್ಯಾಡ. ಹೋಗಿ ಸುಮ್ಮನ ಜಗಳಾ ತಗಿ. ಅದೂ ನೀರ ಬಂದ ದಿನಾ ತಗೀಬೇಕು. ಖರೇ ಮಾರಿ ಕಾಣೂದು ನಳದ ಮುಂದ."

"ಅಲ್ಲಿ ಇವತ್ತ ನೀರು."

"ಮತ್ತ ಇಲ್ಲ್ಯಾಕ ಕುಂತಿ? ಏಳಲೇ!"

ಆ ಮನೆಯ ಮಾಲೀಕ ಸಿದ್ದಪ್ಪ ಹೊಲ ನೋಡಲು ಶಿರಗುಪ್ಪಿಗೆ ಹೋಗಿದ್ದಾನೆ, ಬರುವುದು ಸಂಜೆಗೆ ಅಂತ ಮೈಲಾರಪ್ಪನಿಗೆ ಗೊತ್ತಿತ್ತು. ಓಣಿಯಲ್ಲಿ ಬೇರೆ ಯಾರೂ ಅವನ ಮುಖ ಕಂಡವರಿಲ್ಲ. ಲೂನಾ ತಿರುಗಿಸಿ ಹೊರಟೇಬಿಟ್ಟ.

ಓಣಿಯ ತುಂಬ ಕೊಡ, ಬಕೆಟ್ಟು, ಪೈಪು. ಸಿದ್ದಪ್ಪನ ಎಡಗಡೆ ಮನೆಯ ಉಳವಪ್ಪ ಧೋತರ ಎತ್ತಿ ಕಟ್ಟಿ ತೊಟ್ಟಿ ತುಂಬಿಸುತ್ತಿದ್ದ. ಮೈಲಾರಪ್ಪ ಬೇಕಂತಲೇ ಲೂನಾವನ್ನು ಅವನ ಪೈಪಿನ ಮೇಲೆ ನಿಲ್ಲಿಸಿದ.

"ಏ ಮುದುಕಾ! ಹಾದಿ ತುಂಬ ರಾಡಿ ಮಾಡೀಯಲ್ಲ, ಓಣಿ ನಿಮ್ಮಪ್ಪಂದೇನು?"

ಉಳವಪ್ಪನ ಮೀಸೆ ಅಲುಗಿತು. ಬಾಯಿ ತೆರೆದ. ಆಮೇಲೆ ದೂರದ ರಸ್ತೆಯ ಕಡೆ ಒಮ್ಮೆ ಕಣ್ಣಾಡಿಸಿ, ಬಾಯಿ ಮುಚ್ಚಿದ. "ತಪ್ಪಾತ್ರಿ" ಎಂದು ಪೈಪನ್ನು ಮೆಲ್ಲಗೆ ಎಳೆದುಕೊಂಡ.

ಮೈಲಾರಪ್ಪನಿಗೆ ನಿರಾಸೆಯಾಯಿತು. ಬಲಗಡೆ ಮನೆಯ ಶಹಜಹಾನಬೇಗಂ ಆಗಷ್ಟೇ ತುಂಬಿಟ್ಟ ಕೊಡಕ್ಕೆ ಕಾಲು ತಾಗಿಸಿ ಉರುಳಿಸಿದ. ಆಕೆ ತೋಳೇರಿಸಿಕೊಂಡು ಎರಡು ಹೆಜ್ಜೆ ಮುಂದೆ ಬಂದವಳು, ತಾನೂ ರಸ್ತೆಯ ಕಡೆ ನೋಡಿ, ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು.

"ಇರಲಿ ಬಿಡ್ರಿ ಭಾಯಿ. ಬಿಸಲ ಭಾಳ ಐತಿ. ಶರಬತ್ ಕುಡೀತೀರೇನು?"

ಜಗಳಕ್ಕೆ ಬಂದವನಿಗೆ ಶರಬತ್ತು! ಇದಕ್ಕಿಂತ ದೊಡ್ಡ ಅವಮಾನ ಉಂಟೆ? ಈಗ ಮೈಲಾರಪ್ಪನಿಗೆ ಖರೆ ಖರೆ ಸಿಟ್ಟು ಬಂತು. ಸಿದ್ದಪ್ಪನ ಕಟ್ಟೆಯ ಮೇಲೆ ಹತ್ತಿ ನಿಂತ. ಉಳವಪ್ಪನ ಮೀಸೆಗೆ ಬೈದ, ಬೇಗಂಳ ಕೋಳಿಗೆ ಬೈದ, ಇಡೀ ಓಣಿಯ ಹಿರಿಯರನ್ನು ಸಾಲಾಗಿ ನಿಲ್ಲಿಸಿದಂತೆ ಬೈದ. ಬೈಗುಳವೆಲ್ಲ ತೀರಿದ ಮೇಲೆ, "ಈ ಓಣ್ಯಾಗ ಬಾಯಿದ್ದವರು ಒಬ್ಬರೂ ಇಲ್ಲೇನು?" ಎಂದು ಕಿರುಚಿದ.

"ಅದಾರ್ರಿ" ಎಂದು ಉಳವಪ್ಪ ಹಲ್ಲು ಕಚ್ಚಿ ಕೈ ಮುಗಿದ. "ಇವತ್ತೊಂದ ದಿನಾ ಬ್ಯಾಡ್ರಿ."

ಸೋಮವಾರ, ಏನೋ ವ್ರತ ಹಿಡಿದಿರಬೇಕು ಅಂದುಕೊಂಡ ಮೈಲಾರಪ್ಪ. ಎಂಥ ಮಂದಿ! ದೇವರಂಥ ಮಂದಿ! ಲೂನಾ ಹಾರಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದ.

"ಮನಿ ಪಕ್ಕಾ ಆತು ಅಂತ ತಿಳಿ" ಅಂದ ಹೆಂಡತಿಗೆ.

"ಖರೇನ್ರಿ? ಅಂದ್ರ ಈ ಚಾಳಿಗೆ ಮತ್ತ ಬರೂದಿಲ್ಲ?"

"ಈ ಕಡೆ ತಲಿ ಹಾಕಿ ಸೈತ ಮಲಗೂದಿಲ್ಲ."

"ನನ್ನ ಮ್ಯಾಲ ಆಣಿ?"

"ನಿನ್ನ ಮ್ಯಾಲ ಆಣಿ. ಲಗೂ ರೊಟ್ಟಿ ಹಾಕು."

ಹನುಮವ್ವ ರೊಟ್ಟಿ ಹಾಕಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡಳು. ಮನೆ ಸಾಮಾನು ಕಟ್ಟಲು ಶುರುಮಾಡುತ್ತಾಳೆ ಅಂತ ತಿಳಿದು ಅವನು ಪಲ್ಯ ಬೇಡಿದ.

ಸಂಜೆ ಎಲೆ, ಅಡಿಕೆ, ತೆಂಗಿನಕಾಯಿ, ಕರವಸ್ತ್ರದಲ್ಲಿ ಇಸಾರದ ಹಣ ಹಿಡಿದುಕೊಂಡು ಮೈಲಾರಪ್ಪ ಸಿದ್ದಪ್ಪನ ಮನೆಯ ಹೊಸ್ತಿಲು ದಾಟಿದ.

"ಬರ್ರಿ, ಬರ್ರಿ" ಅಂದ ಸಿದ್ದಪ್ಪ. "ಸಾಕ್ಷಿಗೆ ನಮ್ಮ ಬಾಜೂಕಿನವರನ್ನ ಕರಸೇನಿ. ನೀವೂ ಕೂಡಿ ಬಾಳವ್ರು, ಪರಿಚಯ ಆಗಲಿ."

ಚಾಪೆಯ ಮೇಲೆ ಉಳವಪ್ಪ ಕೂತಿದ್ದ. ಬಾಗಿಲ ಹತ್ತಿರ ಶಹಜಹಾನಬೇಗಂ ನಿಂತಿದ್ದಳು.

"ಇಂವಾ!" ಎಂದು ಉಳವಪ್ಪ ಎದ್ದು ನಿಂತ. "ಮನಿ ತಗೊಳ್ಳಾಂವ ಇಂವಾ? ಏ ಸಿದ್ದಪ್ಪಾ, 'ಗಿರಾಕಿ ನೀರು ನೋಡಾಕ ಬರತಾರ, ಇವತ್ತೊಂದ ದಿನಾ ಜಗಳಾ ಮಾಡಬ್ಯಾಡ್ರಿ' ಅಂತ ನೀ ಕೈ ಮುಗದಿ. ಅದಕ್ಕ ನಾ ನಾಲಿಗಿ ಕಚ್ಚಿಕೊಂಡ ನಿಂತೆ. ಗಿರಾಕಿ ಯಾವಾಗ ಬರತಾನೋ ಅಂತ ಹಾದಿ ನೋಡಿಕೋತ ಈ ಭಾಡ್ಯಾನ ಕಡಿಂದ ಬೈಸಿಗೊಂಡೆ!"

"ನನ್ನ ಕೊಡಾ ಒದ್ದಾನ!" ಎಂದಳು ಶಹಜಹಾನಬೇಗಂ. ಆಮೇಲೆ ಅವಳು ಆಡಿದ್ದನ್ನು ಬರೆಯಲು ಬರುವುದಿಲ್ಲ. ಬೆಳಿಗ್ಗೆ ತಡೆಹಿಡಿದದ್ದೆಲ್ಲ ನಳ ಬಿಟ್ಟಂತೆ ಬಂತು. ಉಳವಪ್ಪ ಉಸಿರು ತೆಗೆದುಕೊಳ್ಳುವಾಗ ಬೇಗಂ, ಬೇಗಂ ಉಸಿರು ತೆಗೆದುಕೊಳ್ಳುವಾಗ ಉಳವಪ್ಪ. ಮೈಲಾರಪ್ಪನಿಗೆ ಹುಟ್ಟಿದಾಗಿನಿಂದ ಗೊತ್ತಿಲ್ಲದ ಬೈಗುಳಗಳು ಆ ಸಂಜೆ ಗೊತ್ತಾದವು.

"ಪರೀಕ್ಷಾ ಮಾಡಿದ್ನಿರಿ, ಬರೇ ಪರೀಕ್ಷಾ!" ಎಂದು ಅವನು ಕಾಯಿ ಎದೆಗವಚಿಕೊಂಡು ಅಂಗಲಾಚಿದ. "ಮನಿ ತಗೊಳ್ಳೂ ಮುಂದ ಬಾಜೂಕಿನವರನ್ನ ನೋಡಬೇಕಲ್ರಿ!"

"ಖರೇ ಐತ್ರಿ" ಅಂದ ಸಿದ್ದಪ್ಪ, ಎಲೆ ಅಡಿಕೆಯ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸುತ್ತ. "ಆದ್ರ ಅವರೂ ಬಾಜೂಕಿನವರನ್ನ ನೋಡಬೇಕಲ್ರಿ. ನೋಡಿದ್ರು. ನಾ ಈ ಓಣ್ಯಾಗ ಹುಟ್ಟಿದಾಂವ, ಇವರ ಎದಿ ಮ್ಯಾಲ ನಿಮ್ಮನ್ನ ಕುಂದ್ರಿಸಿ ಹೋಗಾಕ ಆಗೂದಿಲ್ಲ. ಹೋಗಿ ಬರ್ರಿ."

ದಾರಿಯುದ್ದಕ್ಕೂ ಮೈಲಾರಪ್ಪ ಅರ್ಜುನಪ್ಪನಿಗೆ ಬೈದ, ಸಾವಕ್ಕನಿಗೆ ಬೈದ, ಲೂನಾಕ್ಕೂ ಬೈದ. ತನಗೆ ಮಾತ್ರ ಬೈದುಕೊಳ್ಳಲಿಲ್ಲ. ಹನುಮವ್ವನಿಗೆ ಏನು ಹೇಳಲಿ ಎಂಬುದು ನೆನಪಾದಾಗ ಲೂನಾದ ವೇಗ ಇಳಿಸಿದ.

ಚಾಳು ಮಸಣದಂತೆ ಸುಮ್ಮನಿತ್ತು. ಎಂಟರಲ್ಲಿ ಏಳು ಬಾಗಿಲು ಮುಚ್ಚಿದ್ದವು. ಎಂಟನೆಯದರ ಹೊಸ್ತಿಲ ಮೇಲೆ ಹನುಮವ್ವ ಕೂತಿದ್ದಳು. ತುರುಬು ಬಿಚ್ಚಿತ್ತು, ಗಂಟಲು ಬಿದ್ದುಹೋಗಿತ್ತು, ಮುಖ ಮಾತ್ರ ಹೊಸ ಮದುಮಗಳಂತೆ ಹೊಳೆಯುತ್ತಿತ್ತು.

"ಎಲ್ಲಾರಿಗೂ ಬಾಯಿಗೆ ಬಂದಂಗ ಅಂದೇರಿ!" ಅಂದಳು. "ಹೋಗೂ ಮಂದಿ ನಾವು, ಇನ್ಯಾಕ ಅಂಜಬೇಕು? ಒಬ್ಬೊಬ್ಬರನ್ನ ಹೊರಗ ಕರದ ಕರದ ಅಂದೆ. ಸಾವಕ್ಕನ ಕೊಡಾ ಗಟಾರದಾಗ ಒಗದೆ. ಇಷ್ಟ ವರ್ಷದ್ದು ಒಂದ ಮಧ್ಯಾಹ್ನದಾಗ ತೀರಿಸಿದೆ ನೋಡ್ರಿ, ಎದಿ ಹಗರಾತು. ಅಂದಂಗ, ನಮ್ಮ ನಳಾ ನೋಡಿದ್ರೇನ್ರಿ? ನೀರ ಜೋರ ಬರತಾವೇನು?"

ಮೈಲಾರಪ್ಪ ಬಾಯಿ ತೆರೆಯುವ ಮೊದಲೇ ಗೋಡೆಯಾಚೆ ಸಾವಕ್ಕ ತೆರೆದಳು.

"ಸಾಮಾನ ಒಯ್ಯೂ ಗಾಡಿ ಎಷ್ಟೊತ್ತಿಗೆ ಬರತೈತೋ ತಮ್ಮಾ? ನಾಳೆ ಇಲ್ಲಿ ನೀರ ಬರೂ ದಿನ. ನಿನ್ನ ಹೆಣ್ತಿ ನಳದ ಹತ್ರ ಬರಲಿ ನೋಡೂಣು, ಎಲ್ಲಾರೂ ಕಾದ ಕುಂತೇವಿ."

ಮೈಲಾರಪ್ಪ ಕೈಯಲ್ಲಿದ್ದ ತೆಂಗಿನಕಾಯಿಯನ್ನು ನೋಡಿದ. ಗೋಡೆಯನ್ನು ನೋಡಿದ. ಜೀವಮಾನದಲ್ಲಿ ಮೊದಲ ಸಲ ಗುದ್ದದೆ, ಅದಕ್ಕೆ ಬಾಯಿ ಹಚ್ಚಿ ಮೆತ್ತಗೆ ಕರೆದ.

"ಸಾವಕ್ಕಾ... ಕಾಯಿ ತಂದೇನವಾ. ಅರ್ಧಾ ಹೋಳು ನಿನಗ ಕೊಡಲೇನು?"