ಇಪ್ಪತ್ತು ಜನರ ದನಿ

ನಾನು ಮಾತು ಶುರುಮಾಡಿದರೆ ಗಡಿಯಾರದ ಮುಳ್ಳುಗಳೂ ನಿಂತು ಕೇಳುತ್ತವೆ. ನಮ್ಮ ಮನೆಯಲ್ಲಿ ಹಾಗೆ ನಿಂತೇಹೋದ ಗಡಿಯಾರಗಳು ಏಳು. ನನ್ನ ಅಕ್ಕನ ಮಗನೋ, ಸಣಕಲನಾದ್ದರಿಂದ ಎಲ್ಲರ ಬಾಯಲ್ಲೂ ಕಡ್ಡಿ, ಬಾಯಿ ಬಿಡಲು ಹೆದರುವ ಪ್ರಾಣಿ. ಅಂಥವನು ಓದುತ್ತಿದ್ದುದು ಮಾತಿನ ವಿದ್ಯೆಯನ್ನೇ: ಕಂಪ್ಯೂಟರಿಗೆ ಮನುಷ್ಯರ ಮಾತು ಕಲಿಸುವ ಎಂ.ಎಸ್ಸಿ.

ಇಪ್ಪತ್ತು ಜನರಲ್ಲಿ ಮಾತಾಡಿದವರು ಯಾರೆಂದು ದನಿಯಿಂದಲೇ ಗುರುತಿಸುವ ಪ್ರೋಗ್ರಾಂ ಬರೆದಿದ್ದ. ಪರೀಕ್ಷೆಯ ದಿನ ಬೆಳಿಗ್ಗೆ ಎಂಟಕ್ಕೆ ಗೈಡ್ ಮೇಡಂ ಫೋನ್ ಮಾಡಿದರು. "ನಿನ್ನ ಒಂಬತ್ತು ರೆಕಾರ್ಡಿಂಗಲ್ಲಿ ಬರೀ ಫ್ಯಾನ್ ಸದ್ದಿದೆ. ಬೇರೆ ಒಂಬತ್ತು ಜನರದ್ದು ತಾ. ಸಂಜೆ ನಾಲ್ಕರೊಳಗೆ ಇಪ್ಪತ್ತಾಗದಿದ್ರೆ ಡಿಗ್ರಿ ಇಲ್ಲ."

ಕಡ್ಡಿ ಮೊದಲು ಹೋದದ್ದು ಕೆಳಮನೆಯ ಟೈಲರಮ್ಮನ ಹತ್ತಿರ. ಓದಲು ಅವನು ಕೊಟ್ಟ ಹತ್ತು ವಾಕ್ಯಗಳ ಹಾಳೆಯನ್ನು ಆಕೆ ನೋಡಿದರು. "ನಮ್ಮ ಮನೆಯ ಬೆಕ್ಕು ಮೂರು ಮರಿ ಹಾಕಿದೆ... ನಮ್ಮನೇಲಿ ಬೆಕ್ಕೇ ಇಲ್ವಲ್ಲಪ್ಪ."

"ಸುಮ್ನೆ ಓದಿ ಆಂಟಿ."

"ಬಾಡಿಗೆ ಮನೆ ಕಣೋ, ಬೆಕ್ಕು ಸಾಕೋ ಹಾಗಿಲ್ಲ. ನನ್ನ ಬಾಯಲ್ಲೇ ಹೇಳಿಸಿ ಓನರ್‌ಗೆ ಕೇಳಿಸಿಬಿಟ್ರೆ?"

ಮೇಲ್ಮನೆಯ ನಿವೃತ್ತ ಹೆಡ್‌ಮಾಸ್ಟರು ಓದಲೇ ಇಲ್ಲ. ಕೆಂಪು ಪೆನ್ನು ತೆಗೆದು ವಾಕ್ಯಗಳನ್ನೆಲ್ಲ ತಿದ್ದಿ, ಹತ್ತಕ್ಕೆ ಮೂರು ಅಂಕ ಕೊಟ್ಟು ಕಳಿಸಿದರು.

ಹಿಂಡಿದ ನಿಂಬೆಹಣ್ಣಿನಂತೆ ಮೆಟ್ಟಿಲ ಮೇಲೆ ಕುಳಿತವನನ್ನು ನೋಡಿ ನಾನು ಕೈ ಚಾಚಿದೆ. "ರೆಕಾರ್ಡರ್ ಕೊಡೋ ಇಲ್ಲಿ."

"ಒಂಬತ್ತು ಜನ ಬೇಕು ಮಾವ."

"ತೊಂಬತ್ತು ಅಂದಿದ್ರೂ ತರ್ತಿದ್ದೆ."

ಒಂದೂವರೆ ಗಂಟೆಯಲ್ಲಿ ತಂದುಕೊಟ್ಟೆ: ಗಿರಣಿ ಅಜ್ಜಿ, ಪೋಸ್ಟ್‌ಮ್ಯಾನ್, ನೆಗಡಿಯಾದ ಬೀಗ ರಿಪೇರಿಯವ, ಇನ್ನೂ ಆರು ಮಂದಿ. ಬೀದಿಯೇ ಸಾಲುಗಟ್ಟಿ ನಿಂತು, ಬಸ್ಸುಗಳು ಸುತ್ತಿಕೊಂಡು ಹೋಗಬೇಕಾಯಿತು.

ನಾಲ್ಕಕ್ಕೆ ಪರೀಕ್ಷೆ. ನಾನು ಹಿಂದಿನ ಬೆಂಚಿನಲ್ಲಿ. ಮೊದಲ ಹನ್ನೊಂದು ದನಿಗಳನ್ನು ಪ್ರೋಗ್ರಾಂ ಕರಾರುವಾಕ್ಕಾಗಿ ಗುರುತಿಸಿತು. ಹನ್ನೆರಡನೆಯದು ಗಿರಣಿ ಅಜ್ಜಿ, ಸರಿ. ಮುಂದೆ ಪೋಸ್ಟ್‌ಮ್ಯಾನ್ ದನಿ. ಪರದೆಯ ಮೇಲೆ: ಗಿರಣಿ ಅಜ್ಜಿ. ಬೀಗದವನಿಗೂ ಗಿರಣಿ ಅಜ್ಜಿ. ಇಪ್ಪತ್ತರವರೆಗೂ ಅಜ್ಜಿಯದೇ ದರ್ಬಾರು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದರು. "ಏನಪ್ಪಾ, ನಿನ್ನ ಪ್ರೋಗ್ರಾಮಿಗೆ ಅಜ್ಜಿ ಮೇಲೆ ಇಷ್ಟೊಂದು ಪ್ರೀತಿ?"

"ಪ್ರೋಗ್ರಾಂ ತಪ್ಪಿರಬೇಕು ಸರ್," ಎಂದ ಕಡ್ಡಿ.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಸ್ವಾಮಿ, ಹುಡುಗ ಎರಡು ವರ್ಷ ಕಷ್ಟಪಟ್ಟಿದಾನೆ. ಸ್ವಲ್ಪ ದಯೆ ತೋರಿಸಿ."

ಪ್ರೋಗ್ರಾಂ ಕೇಳಿಸಿಕೊಳ್ಳುವ ಮೈಕ್ ಆಫ್ ಆಗಿರಲಿಲ್ಲ. ಪರದೆ ಮಿನುಗಿತು: ಗಿರಣಿ ಅಜ್ಜಿ. ಖಚಿತತೆ, ನೂರಕ್ಕೆ ತೊಂಬತ್ತೊಂಬತ್ತು.

ಪರೀಕ್ಷಕರು ನಿಧಾನವಾಗಿ ಹೇಳಿದರು: "ಅಜ್ಜಿ, ಸ್ವಲ್ಪ ಮುಂದೆ ಬನ್ನಿ."

ಒಂಬತ್ತು ದನಿಯೂ ನನ್ನದೇ ಎಂದು ಒಪ್ಪಿಕೊಂಡೆ. ಅವರು ಕಡ್ಡಿಯ ಕೈ ಕುಲುಕಿದರು. "ಭೇಷ್, ಪ್ರೋಗ್ರಾಂ ಒಂದು ಕಡೆಯೂ ತಪ್ಪಿಲ್ಲ." ಕಡ್ಡಿಯ ಮುಖ ಅರಳಿತು. ಅವರು ಮುಂದುವರಿಸಿದರು: "ದನಿಗಳು ಸುಳ್ಳು. ಹಾಗಾಗಿ ಫೇಲು. ಆರು ತಿಂಗಳು ಬಿಟ್ಟು ಬಾ."

ಹೊರಗೆ ಬಂದ ಮೇಲೆ ಕಡ್ಡಿ ರೆಕಾರ್ಡರನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಕೇಳಿದ, "ಯಾರೂ ಬಾಗಿಲೇ ತೆಗೀಲಿಲ್ವಾ ಮಾವ?"

"ನಾನು ತಟ್ಟಿದ್ರೆ ತಾನೆ?" ಎಂದೆ. "ಟೆರೇಸಲ್ಲಿ ನೀರಿನ ಟ್ಯಾಂಕ್ ಹಿಂದೆ ಕೂತು ಎಲ್ಲಾ ನಾನೇ ಓದ್ದೆ. ಹೊಸಬರ ಎದುರು ನಿಂತ್ರೆ ನನಗೆ ಬಾಯೇ ಬರಲ್ಲ ಕಣೋ."