ಮಾವನ ಮಂದೆಗೆ ಸೇರಿದ ಅಕ್ಷರಗಳು

ನಮ್ಮ ಸೋದರಮಾವನ ಕುರಿಗಳಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಮಗಳಿಗೆ ಮಾತ್ರ ಬರುವುದಿಲ್ಲ! ನಂಬಿಕೆಯಿಲ್ಲವೇ? ತಮಿಳುನಾಡಿನ ನಮ್ಮ ಕಂಬೈನಲ್ಲೂರಿನ ಬಸ್ಸು ಹಿಡಿದು ಬಂದು ನೋಡಿ. "ಲೇ ಕರಿಯಮ್ಮ, ಇತ್ಲಾಗ್ ಬಾರಲೇ!" ಎಂದರೆ ಸಾಕು, ಜೋಳದ ಹೊಲಕ್ಕೆ ನುಗ್ಗಿದ ಕುರಿ ತಿರುಗಿ ಬರುತ್ತದೆ. ಎರಡನೆಯ ಕ್ಲಾಸಿನ ಮಗಳನ್ನು ಅದೇ ಕನ್ನಡದಲ್ಲಿ ಊಟಕ್ಕೆ ಕರೆದರೆ "ವರೇನ್‌ಪ್ಪಾ", ಬಂದೆನಪ್ಪಾ, ಎಂದು ತಮಿಳಿನಲ್ಲಿ ಉತ್ತರ ಬರುತ್ತದೆ.

ಮಾವನ ಹಟವೂ ಸಾಮಾನ್ಯದ್ದಲ್ಲ. ಮನೆಯೊಳಗೆ ತಮಿಳಿನಲ್ಲಿ ಮಾತಾಡಿದವರಿಗೆ ಅವರು ಜವಾಬು ಕೊಡುವವರೇ ಅಲ್ಲ. ಒಮ್ಮೆ ಸಾರು ಉಕ್ಕುತ್ತಿದೆ ಎಂದು ಮಗಳು ತಮಿಳಿನಲ್ಲಿ ಕೂಗಿದಳಂತೆ. ಮಾವ ಅಲ್ಲಾಡಲಿಲ್ಲ. ಸಾರು ಒಲೆಯ ಪಾಲಾಯಿತು, ಮಾವ ಅತ್ತೆಯ ಬಾಯಿಗೆ ಸಿಕ್ಕಿದರು!

ಇಂಥವರಿಗೆ ಧರ್ಮಪುರಿಯಿಂದ ಒಂದು ಚಿತ್ರಪುಸ್ತಕ ತಂದುಕೊಟ್ಟವನು ನಾನು. ಎಡಪುಟದಲ್ಲಿ ತಮಿಳು, ಬಲಪುಟದಲ್ಲಿ ಕನ್ನಡ. ಅಪ್ಪನೊಬ್ಬ ಮಗಳಿಗೆ ಊರು ತೋರಿಸುವ ಕಥೆ. ಮಾವ ಕನ್ನಡಕ ಏರಿಸಿ, ಬಲಪುಟ ಹಿಡಿದು ಗಂಭೀರವಾಗಿ ಓದಿದರು: "ಆಗ ಒಂದು ತೋಳ ಬಂದು ಕುರಿ ಇಡ್ಕೊಂಡ್ ಓಯ್ತು!"

ಎಡಪುಟದ ಮೇಲೆ ಬೆರಳಿಟ್ಟಿದ್ದ ಮಗಳು ಹಾರಿ ನಿಂತಳು. "ಅಪ್ಪಾ, ಪೊಯ್ ಸೊಲ್ರೀಂಗ!"

ಸುಳ್ಳೇ ಸರಿ. ಆ ಪುಸ್ತಕದಲ್ಲಿ ತೋಳದ ಬಾಲವೂ ಇರಲಿಲ್ಲ. ಕನ್ನಡಕ್ಕಾಗಿ ಸಾರು ಕಳೆದುಕೊಂಡ ಮಾವನಿಗೆ ಕನ್ನಡದ ಒಂದಕ್ಷರವೂ ಗೊತ್ತಿರಲಿಲ್ಲ! ಅವರು ಕಲಿತದ್ದು ತಮಿಳು ಶಾಲೆಯಲ್ಲಿ. ಮಗಳು ಸೊಂಟದ ಮೇಲೆ ಕೈಯಿಟ್ಟು ತಮಿಳಿನಲ್ಲೇ ತೀರ್ಪು ಕೊಟ್ಟಳು: ಮೊದಲು ನೀವು ಕನ್ನಡ ಓದಿ, ಆಮೇಲೆ ನಾನು ಕನ್ನಡ ಮಾತಾಡುತ್ತೇನೆ.

ಮಾವನ ಮುಖ ಸಣ್ಣಗಾದದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ಹೊಸೂರಿನಲ್ಲಿ ಕನ್ನಡ ಕಲಿತಿದ್ದ ನಾನೇ ಮೇಷ್ಟರಾದೆ. ಪ್ರತಿ ಭಾನುವಾರ ಹುಣಸೆಮರದಡಿ ಪಾಠ, ಸುತ್ತ ಕುರಿಗಳು, ಮಾವನ ಬೆನ್ನಿಗೆ ಜೋತುಬಿದ್ದು ಕಿಸಿಕಿಸಿ ನಗುವ ಮಗಳು. ನಾನು ಅ, ಆ ಎಂದು ಶುರು ಮಾಡುತ್ತಲೇ ಮಾವ ತಡೆದರು. "ಮೊದ್ಲು ಮೋರೆ ತೋರ್ಸು. ನೂರು ಕುರಿ ಗುರ್ತು ಇಡಿಯೋನ್ಗೆ ಇದೆಲ್ಲ ಯಾವ ದೊಡ್ದು?" ರ ಬಸುರಿ ಕುರಿಯಾಯಿತು, ಮ ಬಾಲ ಸುತ್ತಿಕೊಂಡ ಟಗರಾಯಿತು. ಒತ್ತಕ್ಷರ ಕಂಡಾಗಲಂತೂ ಕುಣಿದುಬಿಟ್ಟರು. "ಇದು ಮರಿ ಆಕೈತೆ ಕಣ್ಲಾ! ಕಾಲಡೀಲೇ ನಿಂತೈತೆ ನೋಡು!"

ಅಷ್ಟಕ್ಕೇ ಬಿಟ್ಟರೇ? ಗುರುತು ಸಿಕ್ಕ ಅಕ್ಷರಕ್ಕೆಲ್ಲ ಕುರಿಗೆ ಬಳಿಯುವ ಕೆಂಪು ಬಣ್ಣದ ಬೊಟ್ಟು! ಇಲ್ಲದಿದ್ದರೆ ಬೇರೆಯವರ ಮಂದೆಗೆ ಬೆರೆತುಹೋಗುತ್ತವಂತೆ. ತಿಂಗಳೆರಡು ಕಳೆಯುವಷ್ಟರಲ್ಲಿ ಪುಸ್ತಕಕ್ಕೆ ದಡಾರ ಎದ್ದಂತಿತ್ತು. ಚಿತ್ರದ ಅಪ್ಪನ ಕೈಗೂ ಒಂದು ಕೋಲು ಬರೆದರು. "ಕೋಲಿಲ್ದೆ ಓಗೋ ಅಪ್ಪ ಯಾವ್ ಸೀಮೆ ಅಪ್ಪ?"

ಅಷ್ಟರಲ್ಲಿ ಶಾಲೆಯಲ್ಲಿ ಅಪ್ಪ ಅಮ್ಮಂದಿರು ಮಕ್ಕಳ ಜೊತೆ ಕಥೆ ಓದುವ ದಿನ ಬಂತು. ಮಾವ ಇಸ್ತ್ರಿ ಮಾಡಿದ ಪಂಚೆಯುಟ್ಟು, ದಡಾರದ ಪುಸ್ತಕ ಹಿಡಿದು ವೇದಿಕೆ ಹತ್ತಿದರು. ಮಗಳು ತಮಿಳು ಪುಟ, ಅಪ್ಪ ಕನ್ನಡ ಪುಟ. ಕೋಲಿನಂತೆ ಬೆರಳಾಡಿಸುತ್ತ ಒಂದೊಂದೇ ಅಕ್ಷರ ಅಟ್ಟಿಕೊಂಡು ಹೋದರು, ಒಂದೂ ತಪ್ಪಿಸಿಕೊಳ್ಳಲಿಲ್ಲ! ಅಲ್ಲಿ ಕೂತಿದ್ದ ಅರ್ಧ ಮಕ್ಕಳ ಮನೆಮಾತು ಕನ್ನಡವೇ. "ಡೇಯ್, ನಮ್ಮಾಯಿ ಇಂಗೇ ಮಾತಾಡ್ತಾಳೆ!" ಎಂದೊಬ್ಬ ಹುಡುಗಿ ಕೂಗಿದಳು. ನನ್ನ ಎದೆ ಉಬ್ಬಿಹೋಯಿತು.

ಕಡೆಯ ಪುಟದಲ್ಲಿ ಮಾವ ತಡೆದು ನಿಂತರು. ಅದು ಚಿತ್ರದ ಮಗಳು ಅಪ್ಪನಿಗೆ ಹೇಳುವ ಮಾತು. ಅಕ್ಷರ ಗೊತ್ತಿತ್ತು, ಆದರೂ ಓದದೆ ಮಗಳ ಕಡೆ ತಿರುಗಿದರು. ಮಗಳು ಪುಸ್ತಕ ಮುಚ್ಚಿ, ಎರಡೂ ಕೈ ಮೇಲೆತ್ತಿ, ಅದೇ ಮಾತನ್ನು ನಮ್ಮೂರಿನ ಕನ್ನಡದಲ್ಲೇ ಹೇಳಿದಳು:

"ಅಪ್ಪಾ, ನನ್ನ ಎತ್ಕಳಪ್ಪಾ."

ಚಪ್ಪಾಳೆಗೆ ಶಾಲೆಯ ತಗಡು ಹಾರಿಹೋಗಲಿಲ್ಲವೆಂಬುದೇ ಆಶ್ಚರ್ಯ! ಮನೆಯಲ್ಲಿ ಒಂದು ದಿನವೂ ತಮಿಳಿಗೆ ಜವಾಬು ಕೊಡದ ನಮ್ಮ ಮಾವ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಕಣ್ಣೊರೆಸಿಕೊಳ್ಳುತ್ತ, ಅವಳ ತಮಿಳಿನಲ್ಲೇ ಮನೆಗೆ ಕರೆದರು:

"ವಾಡಾ ಕಣ್ಣು, ವೀಟ್ಟುಕ್ಕು ಪೋಲಾಂ."